ಮೊದಲು ಹಾಡು, ಆಮೇಲೆ ಪ್ಲೇಯರ್

ಪ್ರಯಾಣದಲ್ಲಿ ಹಾಡು ಕೇಳಲು ಫೋನನ್ನು ಬಿಟ್ಟು ಪ್ರತ್ಯೇಕವಾದ ಪ್ಲೇಯರ್ ಕೊಳ್ಳಬೇಕೆ, ಕೊಳ್ಳುವುದಾದರೆ ಎಂಥದ್ದನ್ನು ಎಂದು ಕೇಳಿದ ಪತ್ರಗಳು ಈ ಅಂಕಣಕ್ಕೆ ಕೆಲವು ದಿನಗಳಿಂದ ಬರುತ್ತಲೇ ಇವೆ. ಐಪಾಡ್ ತಯಾರಿಕೆಯನ್ನು ನಿಲ್ಲಿಸುತ್ತಿರುವುದಾಗಿ ಆಪಲ್ 2022ರ ಮೇ ತಿಂಗಳಲ್ಲಿ ಪ್ರಕಟಿಸಿದಾಗ ಈ ಪ್ರಶ್ನೆಯ ಕಾಲವೇ ಮುಗಿಯಿತೆಂದು ನಾನು ಭಾವಿಸಿದ್ದೆ. ಓದುಗರು ಹಾಗೆ ಭಾವಿಸಿಲ್ಲ. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣ, ಉಳಿದವರ ಅರ್ಧ ಪ್ರಶ್ನೆಗಳು ಅದರಲ್ಲೇ ಅಡಗಿವೆ.

ಪ್ರಶ್ನೆ: ನಾನು ಶಿರಸಿಯವಳು, ಬೆಂಗಳೂರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿಬರುತ್ತೇನೆ. ಹಾವೇರಿ ದಾಟಿದ ಮೇಲೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಬೆಳಿಗ್ಗೆ ಇಳಿಯುವ ಹೊತ್ತಿಗೆ ಫೋನಿನ ಚಾರ್ಜ್ ಮುಗಿದು ಮನೆಗೆ ಕರೆ ಮಾಡಲೂ ಆಗುವುದಿಲ್ಲ. ಐದು ಸಾವಿರ ರೂಪಾಯಿಯೊಳಗೆ ಒಂದು ಪ್ಲೇಯರ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು 'ಹೈ-ರೆಸ್' ಎಂಬ ಚೀಟಿ ಅಂಟಿಸಿದ್ದನ್ನೇ ಕೊಳ್ಳಿ ಎನ್ನುತ್ತಾರೆ. ಅಣ್ಣನ ಮಗ, 'ಅತ್ತೆ, ಫೋನ್ ಇರುವಾಗ ಇದೆಲ್ಲ ದಂಡ' ಎನ್ನುತ್ತಾನೆ. ನನ್ನ ಬಳಿ ಕರ್ನಾಟಕ ಸಂಗೀತದ ಮತ್ತು ಭಾವಗೀತೆಗಳ ಸುಮಾರು ಅರವತ್ತು ಸಿ.ಡಿ.ಗಳಿವೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅಣ್ಣನ ಮಗ ಅರ್ಧ ಸರಿ. ಇಂದಿನ ಸಾಧಾರಣ ಫೋನಿನಿಂದ ಹೊರಡುವ ಧ್ವನಿ ಬಸ್ಸಿನ ಗದ್ದಲದಲ್ಲಿ ಕೇಳುವುದಕ್ಕೆ ಧಾರಾಳವಾಗಿ ಸಾಕು, ಆದ್ದರಿಂದ ಧ್ವನಿ ಚೆನ್ನಾಗಿರಲೆಂಬ ಒಂದೇ ಕಾರಣಕ್ಕೆ ಐದು ಸಾವಿರ ರೂಪಾಯಿಯ ಪ್ಲೇಯರ್ ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆದರೆ ನೀವು ಬರೆದಿರುವ ತೊಂದರೆ ಧ್ವನಿಯದಲ್ಲ, ಚಾರ್ಜಿನದು. ಕರೆಗೆ ಬೇಕಾದ ಫೋನನ್ನು ಹಾಡಿಗೆ ಸವೆಸಬಾರದೆಂಬ ನಿಮ್ಮ ಯೋಚನೆ ಸರಿಯಾಗಿದೆ. ಮನೆಯ ಯಾವುದಾದರೂ ಡ್ರಾಯರಿನಲ್ಲಿ ಇಯರ್‌ಫೋನ್ ತೂತೂ ಮೆಮೊರಿ ಕಾರ್ಡಿನ ಜಾಗವೂ ಇರುವ ಹಳೆಯ ಫೋನ್ ಬಿದ್ದಿದೆಯೇ ನೋಡಿ. ಸಿಮ್ ಇಲ್ಲದೆ, ವಿಮಾನದ ಗುರುತಿರುವ ಫ್ಲೈಟ್ ಮೋಡ್‌ಗೆ ಹಾಕಿ ಒಂದೆರಡು ಪ್ರಯಾಣಗಳಲ್ಲಿ ಅದನ್ನೇ ಬಳಸಿದರೆ ಪ್ರತ್ಯೇಕ ಪ್ಲೇಯರ್ ನಿಮ್ಮ ಅಭ್ಯಾಸಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದು ಕಾಸು ಖರ್ಚಿಲ್ಲದೆ ತಿಳಿಯುತ್ತದೆ. ಹಳೆಯ ಬ್ಯಾಟರಿ ಉಬ್ಬಿಕೊಂಡು ಹಿಂಬದಿಯ ಮುಚ್ಚಳ ಮೇಲೆದ್ದಿದ್ದರೆ ಮಾತ್ರ ಈ ಪ್ರಯೋಗ ಬೇಡ, ಅಂಥ ಫೋನನ್ನು ಚಾರ್ಜಿಗೂ ಹಾಕಬಾರದು.

ಕೊಳ್ಳುವುದೇ ಆದರೆ, ಯಾವ ಕಂಪನಿಯ ಯಾವ ಮಾಡೆಲ್ ಎಂದು ಕೇಳುವ ಮೊದಲು ನಿಮ್ಮ ಹಾಡುಗಳು ಎಲ್ಲಿವೆ ಎಂಬುದನ್ನು ನೋಡಬೇಕು. ಸ್ಪಾಟಿಫೈಯಂಥ ಆ್ಯಪ್‌ನಲ್ಲಿ ಹಣ ಕಟ್ಟಿ 'ಡೌನ್‌ಲೋಡ್' ಮಾಡಿಕೊಂಡ ಹಾಡುಗಳು ನಿಮ್ಮ ಫೋನಿನಲ್ಲಿದ್ದರೂ ನಿಮ್ಮ ಕೈಯಲ್ಲಿಲ್ಲ. ಅವು ಬೀಗ ಹಾಕಿದ ಕಡತಗಳಾಗಿರುವುದರಿಂದ ಕಾರ್ಡಿಗೆ ನಕಲು ಮಾಡಿ ಬೇರೆ ಪ್ಲೇಯರ್‌ನಲ್ಲಿ ನುಡಿಸಲು ಬರುವುದಿಲ್ಲ, 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಮುಖ ತೋರಿಸದಿದ್ದರೆ ಅದೇ ಫೋನಿನಲ್ಲೂ ಹಾಡುವುದಿಲ್ಲ. ಹಾಡೆಲ್ಲ ಆ್ಯಪ್‌ನಲ್ಲಿಯೇ ಇರುವವರಿಗೆ ವೈಫೈ ಮತ್ತು ಆಂಡ್ರಾಯ್ಡ್ ಇರುವ ಪ್ಲೇಯರ್ ಬೇಕು, ಅದು ನಿಮ್ಮ ಐದು ಸಾವಿರದಲ್ಲಿ ಮುಗಿಯುವ ವ್ಯವಹಾರವಲ್ಲ. ನಿಮ್ಮ ಬಳಿ ಅರವತ್ತು ಸಿ.ಡಿ.ಗಳಿರುವುದರಿಂದ ನೀವು ಈ ಕಷ್ಟದಿಂದ ಪಾರಾಗಿದ್ದೀರಿ. ಸಿ.ಡಿ. ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಅವನ್ನು ಒಂದೊಂದಾಗಿ ಎಂಪಿ3 ಅಥವಾ ಫ್ಲ್ಯಾಕ್ ಕಡತಗಳನ್ನಾಗಿ ಇಳಿಸಿಕೊಂಡರೆ ಅತ್ಯಂತ ಸರಳವಾದ ಪ್ಲೇಯರ್ ಕೂಡ ನಿಮಗೆ ಸಾಕಾಗುತ್ತದೆ.

ಜಾಗದ ಲೆಕ್ಕವನ್ನು ಒಮ್ಮೆ ಮಾಡಿಬಿಡೋಣ. ಸಿ.ಡಿ.ಯ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಎಂಬಿ ಬೇಕು. ಏನನ್ನೂ ಕಳೆದುಕೊಳ್ಳದೆ ಮಡಚಿಡುವ ಫ್ಲ್ಯಾಕ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ; 320 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 320 ಕಿಲೋಬಿಟ್ ಬಳಸುವ ಎಂಪಿ3ಯಲ್ಲಿ 2.4 ಎಂಬಿ, 128ರಲ್ಲಿ 1 ಎಂಬಿಗಿಂತ ತುಸು ಕಡಿಮೆ. ಅಂದರೆ ನಿಮ್ಮ ಅರವತ್ತು ಸಿ.ಡಿ.ಗಳೂ ತಲಾ ಒಂದು ಗಂಟೆಯವು ಎಂದಿಟ್ಟುಕೊಂಡರೆ, 320ರಲ್ಲಿ ಇಳಿಸಿದಾಗ ಒಟ್ಟು 9 ಜಿಬಿ ದಾಟುವುದಿಲ್ಲ. 16 ಜಿಬಿಯ ಕಾರ್ಡಿನಲ್ಲಿ ಎಲ್ಲವೂ ಕುಳಿತು ಇನ್ನೂ ಜಾಗ ಉಳಿಯುತ್ತದೆ, 256 ಜಿಬಿಯ ಮಾತೇ ಬೇಡ.

ಕಾರ್ಡನ್ನು ಮಾತ್ರ ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ನಾನು ಒಮ್ಮೆ ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 128 ಜಿಬಿ ಎಂದು ಬರೆದಿದ್ದ ಕಾರ್ಡನ್ನು ಕೊಂಡು, ಒಂದು ಇಡೀ ಭಾನುವಾರ ಕುಳಿತು ಹಾಡು ತುಂಬಿಸಿದೆ. ಕಂಪ್ಯೂಟರ್ ಎಲ್ಲವನ್ನೂ ಒಪ್ಪಿಕೊಂಡಿತು, ಪಟ್ಟಿಯಲ್ಲಿ ಎಲ್ಲ ಹೆಸರುಗಳೂ ಕಾಣಿಸಿದವು. ರೈಲಿನಲ್ಲಿ ನುಡಿಸಲು ಹೋದಾಗ ಮೊದಲಿನ ಕೆಲವು ಹಾಡುಗಳನ್ನು ಬಿಟ್ಟರೆ ಉಳಿದವೆಲ್ಲ ಬರಿಯ ಹೆಸರು. ಒಳಗೆ ಇದ್ದದ್ದು 8 ಜಿಬಿ, ಹೊರಗೆ ಅಚ್ಚಾದದ್ದು 128. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಅದರ ನಿಜವಾದ ಅಳತೆಯನ್ನು ಹೇಳಿಬಿಡುತ್ತದೆ. ಹೊಸ ಕಾರ್ಡ್ ತಂದ ದಿನವೇ ಆ ಪರೀಕ್ಷೆಯನ್ನು ಮಾಡಿ.

ಈಗ ಯಂತ್ರದ ಮಾತು. ಪ್ರಯಾಣದ ಪ್ಲೇಯರ್‌ಗೆ ನಾನು ಮೊದಲು ನೋಡುವುದು ಗುಂಡಿಗಳನ್ನು. ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ ಹೊದಿಕೆಯೊಳಗೆ ಮಲಗಿ, ಕಣ್ಣು ತೆರೆಯದೆ, ಹೆಬ್ಬೆರಳಿನಿಂದಲೇ ಧ್ವನಿ ತಗ್ಗಿಸಲು, ಮುಂದಿನ ಹಾಡಿಗೆ ಹೋಗಲು, ನಿಲ್ಲಿಸಲು ಬರಬೇಕು. ಬೆರಳಿಗೆ ತಡವಿ ಸಿಗುವ ಉಬ್ಬು ಗುಂಡಿ ಮತ್ತು ಅವನ್ನೆಲ್ಲ ಒಮ್ಮೆಗೇ ಬಂದ್ ಮಾಡುವ 'ಹೋಲ್ಡ್' ಇವೆರಡೂ ಇದ್ದರೆ ಪ್ಲೇಯರ್ ಅರ್ಧ ಗೆದ್ದಂತೆ. ಬರೀ ಟಚ್ ಸ್ಕ್ರೀನಿನ ಪುಟ್ಟ ಪ್ಲೇಯರ್‌ಗಳು ಅಂಗಡಿಯ ಗಾಜಿನ ಮೇಲೆ ಬಹಳ ಚೆಂದ. ಮಗ್ಗುಲು ಬದಲಿಸಿದಾಗ ಕಿಸೆಯೊಳಗೆ ತಾವಾಗಿಯೇ ಎದ್ದು ಏರು ಧ್ವನಿಯಲ್ಲಿ ಹಾಡುವ ಅವುಗಳ ಗುಣ ಗೊತ್ತಾಗುವುದು ತುಮಕೂರು ದಾಟಿದ ಮೇಲೆ.

ಬ್ಯಾಟರಿಯ ಬಗ್ಗೆ ಪೆಟ್ಟಿಗೆಯ ಮೇಲೆ ಬರೆದಿರುವ ಗಂಟೆಗಳು ಎಂಪಿ3 ಕಡತ, ಮಧ್ಯಮ ಧ್ವನಿ, ತಂತಿಯ ಇಯರ್‌ಫೋನ್, ಪರದೆ ಆರಿರುವ ಸ್ಥಿತಿ ಇವಿಷ್ಟೂ ಕೂಡಿಬಂದಾಗಿನ ಲೆಕ್ಕ. ಬ್ಲೂಟೂತ್ ಹಾಕಿದರೆ, ದೊಡ್ಡ ಕಡತ ನುಡಿಸಿದರೆ ಅದು ಇಳಿಯುತ್ತದೆ. ನಿಮಗೆ ಬೇಕಾದದ್ದು ಹೋಗುವ ರಾತ್ರಿ ಮತ್ತು ಬರುವ ರಾತ್ರಿ, ಒಟ್ಟು ಹತ್ತು ಹನ್ನೆರಡು ಗಂಟೆ. ಇಪ್ಪತ್ತು ಎಂದು ಬರೆದಿರುವುದನ್ನು ಕೊಂಡರೆ ನೆಮ್ಮದಿ. ಚಾರ್ಜಿಂಗ್ ತೂತು ಟೈಪ್-ಸಿ ಇರಲಿ, ಫೋನಿನ ಕೇಬಲ್ಲೇ ಇದಕ್ಕೂ ಆಗುತ್ತದೆ. ಇಲ್ಲೊಂದು ಸಣ್ಣ ತಕರಾರಿದೆ. ಎರಡೂ ತುದಿ ಟೈಪ್-ಸಿ ಇರುವ ಹೊಸ ಕೇಬಲ್‌ನಲ್ಲಿ ಕೆಲವು ಅಗ್ಗದ ಪ್ಲೇಯರ್‌ಗಳು ಚಾರ್ಜ್ ಆಗುವುದೇ ಇಲ್ಲ, ಏಕೆಂದರೆ ಚಾರ್ಜರಿಗೆ 'ನಾನು ಇಲ್ಲಿದ್ದೇನೆ' ಎಂದು ತಿಳಿಸುವ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಒಳಗೆ ಹಾಕಿರುವುದಿಲ್ಲ. ಪ್ಲೇಯರ್ ಕೆಟ್ಟಿತೆಂದು ಹಿಂದಿರುಗಿಸುವ ಮೊದಲು, ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ಲಿನಿಂದ ಒಮ್ಮೆ ಪ್ರಯತ್ನಿಸಿ.

'ಹೈ-ರೆಸ್' ಚೀಟಿ ಸುಳ್ಳಲ್ಲ. ಆ ಗುರುತು ಜಪಾನ್ ಆಡಿಯೊ ಸೊಸೈಟಿಯದು, ಸಿ.ಡಿ.ಗಿಂತ ಸೂಕ್ಷ್ಮವಾಗಿ ಧ್ವನಿಯನ್ನು ಅಳೆದಿಟ್ಟ 24 ಬಿಟ್, 96 ಕಿಲೋಹರ್ಟ್ಸ್‌ನ ಕಡತವನ್ನು ನಿಭಾಯಿಸುವ ಉಪಕರಣಕ್ಕೆ ಅದು ಸಲ್ಲುತ್ತದೆ. ಆದರೆ ನಿಮ್ಮ ಸಿ.ಡಿ.ಗಳು 16 ಬಿಟ್, 44.1 ಕಿಲೋಹರ್ಟ್ಸ್‌ನವು, ಅವುಗಳಲ್ಲಿ ಇಲ್ಲದ್ದನ್ನು ಚೀಟಿ ತಂದುಕೊಡಲಾರದು. ಐದು ಸಾವಿರದಲ್ಲಿ ಮೂರನ್ನು ಪ್ಲೇಯರ್‌ಗೆ, ಎರಡನ್ನು ಇಯರ್‌ಫೋನಿಗೆ ಇಡಿ ಎಂಬುದು ನನ್ನ ಸಲಹೆ. ಕಿವಿಯ ಒಳಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಎಂಜಿನ್ನಿನ ಗುಂಯ್‌ಗುಟ್ಟುವಿಕೆಯನ್ನು ತಡೆದಷ್ಟು ತಂಬೂರಿಯ ಶ್ರುತಿ ಸ್ಪಷ್ಟವಾಗುತ್ತದೆ, ಆ ಲಾಭ ಯಾವ ಚೀಟಿಯಿಂದಲೂ ಸಿಗದು.

ನೀವು ಕರ್ನಾಟಕ ಸಂಗೀತ ಕೇಳುವವರಾದ್ದರಿಂದ ಇನ್ನೊಂದು ವಿಷಯ. ಕಛೇರಿಯ ಸಿ.ಡಿ.ಗಳಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು, ತನಿ ಎಂಬ ಮೃದಂಗದ ಸರದಿ ಮತ್ತೊಂದು ಎಂದು ತುಂಡರಿಸಿರುತ್ತಾರೆ, ನಡುವೆ ಸಂಗೀತ ಮಾತ್ರ ನಿಂತಿರುವುದಿಲ್ಲ. ಟ್ರ್ಯಾಕ್ ಬದಲಾಗುವಾಗ ಕೆಲವು ಪ್ಲೇಯರ್‌ಗಳು ಅರ್ಧ ಸೆಕೆಂಡ್ ಉಸಿರು ಕಟ್ಟಿಕೊಳ್ಳುತ್ತವೆ. ಸ್ವರಪ್ರಸ್ತಾರದ ನಡುವೆ ಬರುವ ಆ ಮೌನ ಚಿತ್ರಗೀತೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ, ನಿಮಗೆ ಕಲ್ಲು ಕಡಿದಂತಾಗುತ್ತದೆ. 'ಗ್ಯಾಪ್‌ಲೆಸ್' ಎಂಬ ಸೌಲಭ್ಯ ಇದೆಯೇ ಎಂದು ಕೇಳಿ, ಇದೆ ಎಂದರೂ ನಂಬದೆ ನಿಮ್ಮದೇ ಕಛೇರಿಯ ಎರಡು ಪಕ್ಕಪಕ್ಕದ ಟ್ರ್ಯಾಕುಗಳನ್ನು ಕಾರ್ಡಿನಲ್ಲಿ ಒಯ್ದು ಅಂಗಡಿಯಲ್ಲೇ ನುಡಿಸಿ ನೋಡಿ.

ಸ್ಯಾನ್‌ಡಿಸ್ಕ್‌ನ ಕ್ಲಿಪ್ ಸಾಲಿನಂಥ ಹಗುರವಾದ ಗುಂಡಿ ಪ್ಲೇಯರ್‌ಗಳು ಒಂದು ತುದಿ. ಫಿಯೊ, ಶಾನ್ಲಿಂಗ್, ಹೈಬಿ ಎಂಬ ಚೀನಾ ಕಂಪನಿಗಳು ಸಂಗೀತಪ್ರಿಯರಿಗಾಗಿಯೇ ಮಾಡುವವು ನಡುವಿನವು. ಸೋನಿಯ ಆಂಡ್ರಾಯ್ಡ್ ವಾಕ್‌ಮನ್‌ಗಳು ಇನ್ನೊಂದು ತುದಿ. ನಿಮ್ಮ ಹಣಕ್ಕೂ ಅಗತ್ಯಕ್ಕೂ ಮೊದಲ ಗುಂಪು, ಇಲ್ಲವೇ ಎರಡನೆಯ ಗುಂಪಿನ ಅತ್ಯಂತ ಕಡಿಮೆ ಬೆಲೆಯದು ಹೊಂದುತ್ತದೆ.

ಪ್ರಶ್ನೆ: ನಿವೃತ್ತನಾದ ಮೇಲೆ ಉಡುಪಿಯಿಂದ ಮುಂಬೈಗೆ ಮಗಳ ಮನೆಗೆ ರೈಲಿನಲ್ಲಿ ಓಡಾಡುವುದು ಹೆಚ್ಚಾಗಿದೆ. ಯಕ್ಷಗಾನದ ಮೂರು ಮೂರು ಗಂಟೆಯ ಪ್ರಸಂಗಗಳನ್ನು ಕೇಳುತ್ತೇನೆ. ಅಳಿಯ ಕೊಡಿಸಿದ ಚಿಕ್ಕ ಪ್ಲೇಯರ್ ಆಫ್ ಮಾಡಿ ಆನ್ ಮಾಡಿದರೆ ಪುನಃ ಮೊದಲಿನಿಂದಲೇ ಶುರುವಾಗುತ್ತದೆ. ಕನ್ನಡದ ಹೆಸರುಗಳು ಬರೀ ಚೌಕಗಳಾಗಿ ಕಾಣುತ್ತವೆ. ಸ್ನೇಹಿತರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ತಾಳಮದ್ದಳೆಯ ತುಣುಕುಗಳು ಅದರಲ್ಲಿ ಕಾಣಿಸುವುದೇ ಇಲ್ಲ.

ಉತ್ತರ: ಈ ಮೂರು ತೊಂದರೆಗಳಿಗೂ ಒಂದೇ ಬೇರು: ಅಗ್ಗದ ಪ್ಲೇಯರ್‌ಗಳನ್ನು ನಾಲ್ಕು ನಿಮಿಷದ, ಇಂಗ್ಲಿಷ್ ಹೆಸರಿನ, ಎಂಪಿ3 ಹಾಡಿಗಾಗಿ ಮಾಡಿರುತ್ತಾರೆ. ಪೂರ್ವರಂಗದಿಂದ ಮಂಗಳದವರೆಗೆ ಒಂದೇ ಕಡತದಲ್ಲಿ ಕೇಳುವವರು ಇರಬಹುದೆಂಬುದು ಅವುಗಳನ್ನು ರೂಪಿಸಿದವರ ಮನಸ್ಸಿಗೆ ಬಂದಿರಲಾರದು.

ನಿಲ್ಲಿಸಿದಲ್ಲಿಂದ ಮುಂದುವರಿಯುವ ಸೌಲಭ್ಯಕ್ಕೆ 'ರಿಸ್ಯೂಮ್' ಎನ್ನುತ್ತಾರೆ. ಬೇಕಾದ ಜಾಗಕ್ಕೆ ಗುರುತು ಹಾಕಿಕೊಳ್ಳುವುದು 'ಬುಕ್‌ಮಾರ್ಕ್'. ಕೆಲವು ಪ್ಲೇಯರ್‌ಗಳು ಹಾಡುಗಳಿಗೆ ಇದನ್ನು ಕೊಡದೆ, 'ಆಡಿಯೊಬುಕ್ಸ್' ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟ ಕಡತಗಳಿಗೆ ಮಾತ್ರ ಕೊಡುತ್ತವೆ. ನಿಮ್ಮ ಪ್ಲೇಯರ್‌ನಲ್ಲಿ ಅಂಥ ಫೋಲ್ಡರ್ ಇದ್ದರೆ ಪ್ರಸಂಗಗಳನ್ನು ಅದರೊಳಗೆ ಹಾಕಿ ನೋಡಿ. ಇಲ್ಲವಾದರೆ, ಅಳಿಯನಿಂದ ಕಂಪ್ಯೂಟರಿನಲ್ಲಿ ಮೂರು ಗಂಟೆಯ ಪ್ರಸಂಗವನ್ನು ಹದಿನೈದು ಹದಿನೈದು ನಿಮಿಷದ ಹನ್ನೆರಡು ತುಂಡುಗಳನ್ನಾಗಿ ಕತ್ತರಿಸಿಕೊಳ್ಳಿ. ಆಗ ಮೊದಲಿನಿಂದ ಶುರುವಾದರೂ ಹಿಂದಕ್ಕೆ ಹೋಗುವುದು ಹೆಚ್ಚೆಂದರೆ ಒಂದು ತುಂಡು. ತುಂಡುಗಳಿಗೆ 1, 2, 3 ಎಂದು ಹೆಸರಿಡದೆ 01, 02, 03 ಎಂದೇ ಇಡಬೇಕು. ಮೊದಲ ಅಕ್ಷರ ನೋಡಿ ಜೋಡಿಸುವ ಪ್ಲೇಯರ್‌ಗೆ 1 ಆದ ಮೇಲೆ 10, 11, 12, ಆಮೇಲೆ 2. ಹಾಗಾದರೆ ಸಂಧಾನಕ್ಕೆ ಮುಂಚೆಯೇ ಯುದ್ಧ ಮುಗಿದುಹೋಗುತ್ತದೆ. ಇನ್ನು ಕೆಲವು ತೀರಾ ಅಗ್ಗದವು ಹೆಸರನ್ನೂ ನೋಡದೆ ಯಾವುದನ್ನು ಮೊದಲು ಕಾರ್ಡಿಗೆ ಹಾಕಿದಿರೋ ಅದನ್ನೇ ಮೊದಲು ನುಡಿಸುತ್ತವೆ. ಅಂಥವಕ್ಕೆ ತುಂಡುಗಳನ್ನು ಒಂದೊಂದಾಗಿ, ಕ್ರಮವಾಗಿ ನಕಲು ಮಾಡಬೇಕು.

ಚೌಕಗಳು ಕಾಣುವುದಕ್ಕೆ ಕಾರಣ, ಪ್ಲೇಯರ್‌ನೊಳಗೆ ಕನ್ನಡದ ಅಕ್ಷರರೂಪಗಳೇ ಇಲ್ಲ. ಅಕ್ಷರರೂಪಗಳಿದ್ದೂ ಅವನ್ನು ಜೋಡಿಸುವ ತಂತ್ರಾಂಶ ಇಲ್ಲದವುಗಳದ್ದು ಇನ್ನೊಂದು ಬಗೆಯ ಫಜೀತಿ: 'ಕೃಷ್ಣ' ಎಂಬುದು ಒತ್ತಕ್ಷರ ಕೂಡದೆ ಕ, ಷ, ಣಗಳಾಗಿ, ನಡುನಡುವೆ ಸ್ವರಚಿಹ್ನೆಯೂ ಹಲಂತದ ಗುರುತೂ ತೇಲಾಡುತ್ತ ಕಾಣಿಸುತ್ತದೆ. ಆಂಡ್ರಾಯ್ಡ್ ಇರುವ ಪ್ಲೇಯರ್‌ಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಉಳಿದವುಗಳಲ್ಲಿ ಕೊಳ್ಳುವ ಮುನ್ನ ಕಣ್ಣಾರೆ ನೋಡದೆ ಹೇಳುವಂತಿಲ್ಲ. ನಿಮ್ಮ ಈಗಿನ ಪ್ಲೇಯರ್‌ಗೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೊಂದೇ ದಾರಿ. ಕಡತದ ಹೆಸರನ್ನು ಬದಲಿಸಿದರೆ ಸಾಲದು. ಎಂಪಿ3 ಕಡತದ ಹೊಟ್ಟೆಯೊಳಗೆ 'ಟ್ಯಾಗ್' ಎಂಬ ಇನ್ನೊಂದು ಹೆಸರಿರುತ್ತದೆ, ಅನೇಕ ಪ್ಲೇಯರ್‌ಗಳು ತೋರಿಸುವುದು ಅದನ್ನು. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಎರಡನ್ನೂ ಒಮ್ಮೆಗೇ ತಿದ್ದಬಹುದು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಕಡತಗಳಲ್ಲಿ ಭಾಗವತರ ಹೆಸರಿರಬೇಕಾದ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು ಕುಳಿತಿರುತ್ತದೆ, ಅದನ್ನೂ ಆಗಲೇ ಒರೆಸಿಬಿಡಿ.

ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡಿ ಕಳುಹಿಸಿದ ಧ್ವನಿ ಓಪಸ್ ಎಂಬ ನಮೂನೆಯಲ್ಲಿರುತ್ತದೆ. ನಮೂನೆ ಒಳ್ಳೆಯದೇ, ನಿಮ್ಮ ಪ್ಲೇಯರ್‌ಗೆ ಅದು ಓದಲು ಬಾರದು. ಎಂಪಿ3ಗೆ ಪರಿವರ್ತಿಸಿ ಹಾಕಿ. ಮಾತು ಪ್ರಧಾನವಾದ ತಾಳಮದ್ದಳೆಗೆ 64 ಕೆಬಿಪಿಎಸ್ ಮೋನೊ ಸಾಕು, ಮೂರು ಗಂಟೆಗೆ 90 ಎಂಬಿ ಕೂಡ ಆಗುವುದಿಲ್ಲ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಕಾ ತಮ್ಮ ಹಳೆಯ ಐಪಾಡ್ ಕ್ಲಾಸಿಕ್ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ? ನನ್ನ ಎಂಪಿ3 ಹಾಡುಗಳನ್ನೆಲ್ಲ ಫ್ಲ್ಯಾಕ್‌ಗೆ ಬದಲಿಸಿಕೊಂಡರೆ ಚೆನ್ನಾಗಿ ಕೇಳುತ್ತದೆಯೇ?

ಉತ್ತರ: ಕೊಟ್ಟರೆ ತೆಗೆದುಕೊಳ್ಳಿ, ಹಣ ಕೊಟ್ಟು ಬೇಡ. 2001ರ ಅಕ್ಟೋಬರಿನಲ್ಲಿ 5 ಜಿಬಿಯ ಮೊದಲ ಐಪಾಡ್ ಬಂದಾಗ ಅದರೊಳಗಿದ್ದದ್ದು ತಿರುಗುವ ಪುಟ್ಟ ಹಾರ್ಡ್ ಡಿಸ್ಕ್, ಕ್ಲಾಸಿಕ್‌ನಲ್ಲಿಯೂ ಅದೇ. ಕೆಳಗೆ ಬಿದ್ದರೆ ಆ ತಿರುಗುವ ಭಾಗಕ್ಕೆ ಪೆಟ್ಟಾಗುತ್ತದೆ. ಹಾಡು ಹಾಕಲು ಐಟ್ಯೂನ್ಸ್‌ನಂಥ ತಂತ್ರಾಂಶ ಬೇಕು, ಪೆನ್‌ಡ್ರೈವ್‌ಗೆ ಹಾಕಿದಂತೆ ಎಳೆದು ಹಾಕಿದರೆ ನುಡಿಯುವುದಿಲ್ಲ. ಬ್ಲೂಟೂತ್ ಇಲ್ಲ, ಫ್ಲ್ಯಾಕ್ ಓದುವುದಿಲ್ಲ, ಬ್ಯಾಟರಿ ಇಷ್ಟು ಹೊತ್ತಿಗೆ ದಣಿದಿರುತ್ತದೆ. ಇಷ್ಟಿದ್ದೂ ಅದರ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿ ಸಾವಿರ ಹಾಡುಗಳ ಪಟ್ಟಿಯನ್ನು ಜಾಲಾಡುವ ಸುಖವನ್ನು ಆಮೇಲೆ ಬಂದ ಯಾವ ಪ್ಲೇಯರ್ ಕೊಟ್ಟಿದೆಯೆಂದು ನನಗನ್ನಿಸಿಲ್ಲ.

ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಬೇಡಿ. ಎಂಪಿ3 ಮಾಡುವಾಗಲೇ ಕಿವಿಗೆ ತಿಳಿಯಲಾರದೆಂದು ಎಣಿಸಿದ ಭಾಗಗಳನ್ನು ಎಸೆದಾಗಿದೆ. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಅದು ಗಟ್ಟಿಯಾಗುವುದಿಲ್ಲ. ಜಾಗ ಮಾತ್ರ ದುಪ್ಪಟ್ಟಾಗುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲೇ ಕೇಳುವವರಾದರೆ ಫ್ಲ್ಯಾಕ್‌ನ ಚಿಂತೆಯೇ ಅನಗತ್ಯ, ಗಾಳಿಯಲ್ಲಿ ಹೋಗುವಾಗ ಸಾಮಾನ್ಯವಾಗಿ ಅದು ಎಸ್‌ಬಿಸಿ ಅಥವಾ ಎಎಸಿ ಎಂಬ ಚಿಕ್ಕ ನಮೂನೆಯಾಗಿ ಮತ್ತೊಮ್ಮೆ ಹಿಂಡಿಸಿಕೊಳ್ಳುತ್ತದೆ. 990 ಕೆಬಿಪಿಎಸ್‌ವರೆಗೆ ಸಾಗಿಸಬಲ್ಲ ಎಲ್‌ಡ್ಯಾಕ್ ಎಂಬ ಬ್ಲೂಟೂತ್ ನಮೂನೆಯೂ ಇದೆ, ಅದು ಪ್ಲೇಯರ್ ಮತ್ತು ಇಯರ್‌ಫೋನ್ ಎರಡರಲ್ಲೂ ಇರಬೇಕು.

ಪ್ರಶ್ನೆ: ದುಬೈಯಲ್ಲಿ ಕೆಲಸದಲ್ಲಿದ್ದೇನೆ, ವರ್ಷಕ್ಕೆರಡು ಸಲ ಮಂಗಳೂರಿಗೆ ಬರುತ್ತೇನೆ. ಪ್ಲೇಯರನ್ನು ವಿಮಾನದಲ್ಲಿ ಬಳಸಲು ಅಡ್ಡಿಯಿದೆಯೇ? ಪವರ್ ಬ್ಯಾಂಕ್ ಜೊತೆಗಿದ್ದರೆ ಚಿಕ್ಕ ಬ್ಯಾಟರಿಯ ಪ್ಲೇಯರ್ ಸಾಕಲ್ಲವೇ?

ಉತ್ತರ: ಪ್ಲೇಯರ್‌ಗೆ ಅಡ್ಡಿಯಿಲ್ಲ; ವೈಫೈ ಇದ್ದರೆ ಫ್ಲೈಟ್ ಮೋಡ್ ಹಾಕಿ. ಪವರ್ ಬ್ಯಾಂಕ್ ನೆಚ್ಚಿಕೊಳ್ಳುವುದು ಈಗ ಬುದ್ಧಿವಂತಿಕೆಯಲ್ಲ. ಅದನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು, ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಅದರ ಮೇಲೆ, ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕಿನ ಬಳಕೆಯನ್ನೇ ನಿಷೇಧಿಸಿದೆ. ಇತರ ಸಂಸ್ಥೆಗಳ ನಿಯಮಗಳೂ ಬಿಗಿಯಾಗುತ್ತಿವೆ, ಟಿಕೆಟ್ ಜೊತೆಗೆ ಬರುವ ಸೂಚನೆಯನ್ನು ಪ್ರತಿಸಲವೂ ಓದಿ. ನಿಮ್ಮ ಪ್ರಯಾಣ ನಾಲ್ಕು ಗಂಟೆಯೊಳಗೆ ಮುಗಿಯುವಂಥದ್ದು. ಹತ್ತು ಗಂಟೆ ನಡೆಯುವ ಬ್ಯಾಟರಿಯ ಪ್ಲೇಯರನ್ನು ಹಿಂದಿನ ರಾತ್ರಿ ಚಾರ್ಜ್ ಮಾಡಿಟ್ಟುಕೊಂಡರೆ ಪವರ್ ಬ್ಯಾಂಕಿನ ಪ್ರಸ್ತಾಪವೇ ಬರುವುದಿಲ್ಲ.

ಪ್ರಶ್ನೆ: ನನ್ನ ಮಗ ದಾವಣಗೆರೆಯಿಂದ ಪ್ರತಿದಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾನೆ. ಪ್ಲೇಯರ್ ಕೊಡಿಸಿದರೆ ಕಿವಿ ಹಾಳು ಮಾಡಿಕೊಳ್ಳುತ್ತಾನೆಂಬ ಭಯ.

ಉತ್ತರ: ಭಯ ಅಕಾರಣವಲ್ಲ. ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ. ಧ್ವನಿ 3 ಡೆಸಿಬೆಲ್ ಏರಿದಾಗಲೆಲ್ಲ ಕೇಳಬಹುದಾದ ಹೊತ್ತು ಅರ್ಧವಾಗುತ್ತ ಹೋಗಿ, 90ಕ್ಕೆ ಬರುವಷ್ಟರಲ್ಲಿ ವಾರಕ್ಕೆ 4 ಗಂಟೆ ಮಾತ್ರ ಉಳಿಯುತ್ತದೆ. ಬಸ್ಸಿನ ಸದ್ದನ್ನು ಮೀರಿಸಲೆಂದೇ ಹುಡುಗರು ಧ್ವನಿ ಏರಿಸುವುದು. ಆದ್ದರಿಂದ ಹೊರಗಿನ ಸದ್ದನ್ನು ತಡೆಯುವ, ಅವನ ಕಿವಿಯ ಅಳತೆಯ ರಬ್ಬರ್ ತುದಿಯ ಇಯರ್‌ಫೋನ್ ಕೊಡಿಸಿ. ಸೆಟ್ಟಿಂಗ್ಸ್‌ನಲ್ಲಿ 'ವಾಲ್ಯೂಮ್ ಲಿಮಿಟ್' ಇರುವ ಪ್ಲೇಯರ್ ಆದರೆ ನಿಂತಿರುವ ಬಸ್ಸಿನಲ್ಲಿ ಹಿತವೆನಿಸುವ ಮಟ್ಟಕ್ಕೆ ಅವನ ಕೈಯಿಂದಲೇ ಅದನ್ನು ಹೊಂದಿಸಿಸಿ. ರಸ್ತೆ ದಾಟುವಾಗ ಕಿವಿಯಿಂದ ತೆಗೆಯಬೇಕೆಂಬ ಷರತ್ತನ್ನು ಮೊದಲೇ ಹಾಕಿ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಇನ್ನು ಆರು ವಾರಕ್ಕೆ ನಾನೂ ನಮ್ಮ ಯಜಮಾನರೂ ಕಾಶಿಗೆ ರೈಲಿನಲ್ಲಿ ಹೊರಡುತ್ತಿದ್ದೇವೆ. ಅತ್ತೆಯವರು ಹಾಡಿ ಮನೆಯಲ್ಲೇ ರೆಕಾರ್ಡ್ ಮಾಡಿದ ದೇವರನಾಮಗಳ ನಲವತ್ತು ಕ್ಯಾಸೆಟ್ಟುಗಳಿವೆ. ಅವನ್ನು ಪ್ಲೇಯರ್‌ಗೆ ಹಾಕಿಕೊಂಡು ಹೋಗಬಹುದೇ?

ಉತ್ತರ: ಖಂಡಿತ ಹೋಗಬಹುದು, ಆದರೆ ಎಲ್ಲವನ್ನೂ ಅಲ್ಲ. ಕ್ಯಾಸೆಟ್ಟನ್ನು ಅದು ಓಡುವ ವೇಗದಲ್ಲೇ ನುಡಿಸಿ ಕಂಪ್ಯೂಟರಿಗೆ ತುಂಬಿಸಬೇಕು. ಮೇಲೆ ಸಿ-60 ಎಂದು ಬರೆದಿರುವ ಕ್ಯಾಸೆಟ್ಟಿಗೆ ಒಂದು ಗಂಟೆ, ಸಿ-90 ಎಂದಿದ್ದರೆ ಒಂದೂವರೆ ಗಂಟೆ. ನಲವತ್ತಕ್ಕೆ ಕಡಿಮೆಯೆಂದರೂ ನಲವತ್ತು ಗಂಟೆಯಾಗುತ್ತದೆ, ಕತ್ತರಿಸಿ ಹೆಸರು ಹಾಕುವುದು ಬೇರೆ. ದಿನಕ್ಕೊಂದು ಮುಖದಂತೆ ಮಾಡುತ್ತ ಹೋದರೆ ಹೊರಡುವಷ್ಟರಲ್ಲಿ ಇಪ್ಪತ್ತು ಮುಗಿದಾವು.

ಕ್ಯಾಸೆಟ್ ಹಾಕುವ ಮೊದಲು ಅದರ ಮೇಲಂಚಿನ ಎರಡು ಮೂಲೆಗಳಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ನೋಡಿ. ಅವಿನ್ನೂ ಇದ್ದರೆ ಮುರಿದುಬಿಡಿ. ಆಗ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅತ್ತೆಯವರ ಧ್ವನಿ ಅಳಿಸುವುದಿಲ್ಲ. ಟೇಪ್ ಹಾಯುವ ಕಿಂಡಿಯಲ್ಲಿ ತೆಳುವಾದ ತಾಮ್ರದ ಪಟ್ಟಿಗೆ ಅಂಟಿಸಿದ ಉಣ್ಣೆಯ ಚೂರು ಇರುತ್ತದೆ. ಅದು ಉದುರಿಹೋಗಿದ್ದರೆ ಹಾಡು ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಮತ್ತೊಂದು ಕ್ಯಾಸೆಟ್ಟಿನದನ್ನು ತೆಗೆದು ಅಂಟಿಸಬಹುದು. ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಅದನ್ನು ಒಳ್ಳೆಯ ಟೇಪ್‌ರೆಕಾರ್ಡರಿಗೆ ಹಾಕದೆ ಪ್ರತ್ಯೇಕವಾಗಿ ತೆಗೆದಿಡಿ. ಟೇಪ್‌ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿದರೆ ಕಂದು ಬಣ್ಣದ ಕೊಳೆ ಬರುತ್ತದೆ. ಹತ್ತಿ ಬೆಳ್ಳಗೆ ಉಳಿಯುವವರೆಗೆ ಒರೆಸಿ.

ಈಗಿನ ಲ್ಯಾಪ್‌ಟಾಪುಗಳ ಇಯರ್‌ಫೋನ್ ತೂತು ಹೊರಗಿನಿಂದ ಒಳಗೆ ತೆಗೆದುಕೊಳ್ಳುವುದು ಮೈಕಿನ ಸಣ್ಣ ಸದ್ದನ್ನು ಮಾತ್ರವಾದ್ದರಿಂದ ಅದಕ್ಕೆ ನೇರವಾಗಿ ತಂತಿ ಜೋಡಿಸಿದರೆ ಧ್ವನಿ ಒಡೆಯುತ್ತದೆ. 'ಲೈನ್-ಇನ್' ಇರುವ ಚಿಕ್ಕ ಯುಎಸ್‌ಬಿ ಸೌಂಡ್‌ಕಾರ್ಡ್ ಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುವಾಗ ಅತಿ ಏರು ದನಿಯ ಜಾಗದಲ್ಲಿಯೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. ಸುಯ್ಯೆಂಬ ಸದ್ದನ್ನು ತೆಗೆಯಲು ಹೆಣಗಬೇಡಿ, ಅತಿಯಾಗಿ ಉಜ್ಜಿದರೆ ಅದರ ಜೊತೆ ಹಾಡುವವರ ಉಸಿರೂ ಹೋಗುತ್ತದೆ. ಮೂಲವನ್ನು ವೇವ್ ಅಥವಾ ಫ್ಲ್ಯಾಕ್ ಆಗಿ ಎರಡು ಕಡೆ ಉಳಿಸಿ, ಪ್ಲೇಯರ್‌ಗೆ ಎಂಪಿ3 ನಕಲು ಹಾಕಿಕೊಳ್ಳಿ. ರೈಲಿನಲ್ಲಿ ಇಬ್ಬರೂ ಒಟ್ಟಿಗೆ ಕೇಳುವುದಾದರೆ ಒಂದು ತೂತನ್ನು ಎರಡು ಮಾಡುವ ಕವಲು ಪಿನ್ ಇಯರ್‌ಫೋನ್ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. 1979ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ವಾಕ್‌ಮನ್‌ನಲ್ಲಿ ಇಬ್ಬರಿಗಾಗಿ ಎರಡು ತೂತುಗಳೇ ಇದ್ದವು, ಈಗಿನವರು ಆ ಔದಾರ್ಯವನ್ನು ಕೈಬಿಟ್ಟಿದ್ದಾರೆ.

ಯಾವ ಕ್ಯಾಸೆಟ್ಟಿನಿಂದ ಶುರುಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅತಿ ಹಳೆಯದರಿಂದ. ಟೇಪ್ ತುಂಡಾಗುವುದಿದ್ದರೆ ಅದೇ ಮೊದಲು ತುಂಡಾಗುತ್ತದೆ.